ಮಾಲ್ಡೋವಾದಲ್ಲಿದ್ದ ರಷ್ಯಾದ 14ನೇ ಸೇನೆ ಏನಾಯಿತು? ಈಗಲೂ ಇದೆಯಾ?

ಆ ಹೆಸರಿನ ಸೇನೆ ಈಗಿಲ್ಲ. ಅದರ ಉಳಿಕೆ ಮಾತ್ರ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ಇನ್ನೂ ಇದೆ. ಡ್ನೀಸ್ಟರ್ ನದಿಗೂ ಉಕ್ರೇನ್ ಗಡಿಗೂ ನಡುವಿನ ಸಣ್ಣ ಪಟ್ಟಿ ಅದು. ಕಾಗದದ ಮೇಲೆ ಮಾಲ್ಡೋವಾದ್ದೇ.

14ನೇ ಗಾರ್ಡ್ಸ್ ಸೇನೆ ಹುಟ್ಟಿದ್ದು 1956ರಲ್ಲಿ, ಸೋವಿಯತ್ ಕಾಲದಲ್ಲಿ. ಒಡೆಸ್ಸಾ ಮಿಲಿಟರಿ ಜಿಲ್ಲೆಯ ಕೈಕೆಳಗಿತ್ತು. ಮಾಲ್ಡೋವಾದ ರಾಜಧಾನಿ ಕಿಶಿನೌನಲ್ಲಿದ್ದ ಕೇಂದ್ರ ಕಚೇರಿ 1980ರ ದಶಕದಲ್ಲಿ ಟ್ರಾನ್ಸ್‌ನಿಸ್ಟ್ರಿಯಾದ ಮುಖ್ಯ ನಗರ ಟಿರಾಸ್ಪೋಲ್‌ಗೆ ಹೋಯಿತು. ಒಕ್ಕೂಟ ಒಡೆದ ಮೇಲೆ ಉಕ್ರೇನ್ ನೆಲದಲ್ಲಿದ್ದ ತುಕಡಿಗಳು ಉಕ್ರೇನ್‌ಗೆ ಸೇರಿದವು. ಡ್ನೀಸ್ಟರ್ ಎಡದಂಡೆಯಲ್ಲಿದ್ದವನ್ನು 1992ರ ಏಪ್ರಿಲ್‌ನಲ್ಲಿ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ರಷ್ಯಾಕ್ಕೆ ಸೇರಿಸಿಕೊಂಡರು.

ಅದೇ ವರ್ಷ ಅಲ್ಲಿ ಮಾಲ್ಡೋವಾಕ್ಕೂ ಟ್ರಾನ್ಸ್‌ನಿಸ್ಟ್ರಿಯಾದ ಪ್ರತ್ಯೇಕತಾವಾದಿಗಳಿಗೂ ಯುದ್ಧ. ಜೂನ್ ಕೊನೆಗೆ ಜನರಲ್ ಅಲೆಕ್ಸಾಂಡರ್ ಲೆಬೆದ್ ಸೇನೆಯ ಮುಖ್ಯಸ್ಥರಾದರು. ಅವರ ಫಿರಂಗಿಗಳು ಮಾಲ್ಡೋವಾ ಪಡೆಗಳ ಮೇಲೆ ಗುಂಡು ಸುರಿದವು. ಜುಲೈ 21ಕ್ಕೆ ಕದನವಿರಾಮ. ಸುಮ್ನೆ ನೋಡುತ್ತಾ ಕೂತ ಸೇನೆ ಇದಲ್ಲ ಅಲ್ವಾ?

1995ರಲ್ಲಿ ಅದನ್ನು ಕುಗ್ಗಿಸಿ 'ರಷ್ಯನ್ ಪಡೆಗಳ ಕಾರ್ಯಾಚರಣಾ ಗುಂಪು' ಎಂದು ಹೆಸರಿಟ್ಟರು. ಈಗ ಸುಮಾರು 1,500 ಜನ. ಕೆಲವು ನೂರು ಮಂದಿ ಶಾಂತಿಪಾಲನೆಯ ಕೆಲಸದಲ್ಲಿದ್ದಾರೆ. ಉಳಿದವರ ದೊಡ್ಡ ಕೆಲಸವೆಂದರೆ ಕೊಬಾಸ್ನಾ ಹಳ್ಳಿಯ ಮದ್ದುಗುಂಡಿನ ಉಗ್ರಾಣ ಕಾಯುವುದು. ಅಲ್ಲಿ ಸುಮಾರು 20,000 ಟನ್ ಸೋವಿಯತ್ ಕಾಲದ ಮದ್ದುಗುಂಡು ಉಳಿದಿದೆ ಎಂಬುದು ಸಾಮಾನ್ಯ ಅಂದಾಜು.

ಸೇನೆ ವಾಪಸ್ ಕರೆಸಿಕೊಳ್ಳುತ್ತೇವೆ ಎಂದು ರಷ್ಯಾ 1999ರಲ್ಲಿ ಇಸ್ತಾಂಬುಲ್‌ನಲ್ಲಿ ಒಪ್ಪಿತ್ತು. ಒಂದಷ್ಟು ಸಾಮಾನು ಹೋಯಿತು, ಆಮೇಲೆ ನಿಂತಿತು. 2015ರಲ್ಲಿ ಉಕ್ರೇನ್ ದಾರಿ ಮುಚ್ಚಿದ ಮೇಲೆ ಹೊಸಬರನ್ನು ಕಳಿಸುವುದೇ ಕಷ್ಟವಾಯಿತು. ಹಾಗಾಗಿ ಈಗಿರುವ ಸೈನಿಕರಲ್ಲಿ ಜಾಸ್ತಿ ಜನ ರಷ್ಯನ್ ಪಾಸ್‌ಪೋರ್ಟ್ ಇರುವ ಸ್ಥಳೀಯರೇ.