ಮೈಕ್ ಹಿಡಿಯುವ ಮೊದಲಿನ ರಿಚಿ ಬೆನೋ

ಪ್ರಶ್ನೆ: ಆಸ್ಟ್ರೇಲಿಯಾದ ರಿಚಿ ಬೆನೋ ನನಗೆ ಗೊತ್ತಿರುವುದು ಟಿವಿಯ ಕ್ರಿಕೆಟ್ ಧ್ವನಿಯಾಗಿ ಮಾತ್ರ. ಆದರೆ ಅವರು ದೊಡ್ಡ ಆಟಗಾರರೂ ನಾಯಕರೂ ಆಗಿದ್ದರೆಂದು ನಮ್ಮ ತಂದೆಯವರು ಹೇಳುತ್ತಾರೆ. ಇದು ನಿಜವೇ, ಅಥವಾ ವೀಕ್ಷಕ ವಿವರಣೆಯಿಂದ ಬಂದ ಹೆಸರು ಹಳೆಯ ಆಟಕ್ಕೂ ಮೆರುಗು ಕೊಟ್ಟಿದೆಯೇ?
– ಓದುಗರೊಬ್ಬರು, ಮದ್ದೂರು

ಉತ್ತರ: ತಂದೆಯವರ ಮಾತೇ ಸರಿ. ಮೈಸೂರು ಸೀಮೆಯವರಿಗೆ ಇದನ್ನು ಅಳೆಯಲು ಹತ್ತಿರದ ಅಳತೆಗೋಲೊಂದಿದೆ. ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರೆ, ಅವರಂತೆಯೇ ಲೆಗ್ ಸ್ಪಿನ್ನರ್ ಆಗಿದ್ದ ಬೆನೋ 63 ಟೆಸ್ಟ್‌ಗಳಲ್ಲಿ 248 ವಿಕೆಟ್ ಪಡೆದರು. ಬ್ಯಾಟಿಂಗಿನ ಹೋಲಿಕೆಗೆ ಇಳಿಯದಿರುವುದೇ ಚಂದ್ರ ಅವರ ಅಭಿಮಾನಿಯಾದ ನನಗೆ ಕ್ಷೇಮ. ಟೆಸ್ಟ್‌ನಲ್ಲಿ 2000 ರನ್ ಮತ್ತು 200 ವಿಕೆಟ್ ಎರಡನ್ನೂ ಮೊದಲು ಪೂರೈಸಿದವರು ಬೆನೋ.

ಆದರೂ ನನ್ನ ದೃಷ್ಟಿಯಲ್ಲಿ ಅವರ ದೊಡ್ಡತನ ಇರುವುದು ನಾಯಕತ್ವದಲ್ಲಿ. 28 ಟೆಸ್ಟ್‌ಗಳಲ್ಲಿ ತಂಡವನ್ನು ಮುನ್ನಡೆಸಿದ ಅವರು ಒಂದು ಸರಣಿಯನ್ನೂ ಸೋಲಲಿಲ್ಲ. 1959ರಲ್ಲಿ ಕಾನ್ಪುರದಲ್ಲಿ ಭಾರತದ ಜಸು ಪಟೇಲ್ 14 ವಿಕೆಟ್ ಕಿತ್ತು ಅವರ ತಂಡವನ್ನು ಕೆಡವಿದಾಗಲೂ ಸರಣಿ 2–1ರಿಂದ ಆಸ್ಟ್ರೇಲಿಯಾದ ಪಾಲಾಯಿತು. 1961ರ ಮ್ಯಾಂಚೆಸ್ಟರ್ ಟೆಸ್ಟ್ ಒಂದನ್ನು ನೋಡಿದರೆ ಅವರ ಬುದ್ಧಿ ಕೆಲಸ ಮಾಡುತ್ತಿದ್ದ ರೀತಿ ತಿಳಿಯುತ್ತದೆ. 256 ರನ್ ಬೆನ್ನಟ್ಟಿದ್ದ ಇಂಗ್ಲೆಂಡ್ ಒಂದೇ ವಿಕೆಟ್‌ಗೆ 150 ತಲುಪಿ, ಬ್ಯಾಟರ್ ಡೆಕ್ಸ್‌ಟರ್ ಅವರ ಹೊಡೆತಕ್ಕೆ ಪಂದ್ಯ ಕೈಜಾರುತ್ತಿದ್ದಾಗ, ಭುಜದ ನೋವಿನಿಂದ ಆ ಪ್ರವಾಸವಿಡೀ ಒದ್ದಾಡುತ್ತಿದ್ದ ಬೆನೋ, ಇಂಗ್ಲೆಂಡ್‌ನ ವೇಗಿ ಟ್ರೂಮನ್ ಅವರ ಬೂಟು ಕೆದಕಿ ಒರಟಾಗಿಸಿದ್ದ ಜಾಗವನ್ನೇ ಗುರಿಮಾಡಿ ರೌಂಡ್ ದ ವಿಕೆಟ್ (ಬೌಲ್ ಮಾಡುವ ಕೈ ವಿಕೆಟ್‌ನಿಂದ ದೂರವಿರುವ ಬದಿಯಿಂದ) ಬೌಲ್ ಮಾಡತೊಡಗಿದರು. ಆ ಕಾಲದಲ್ಲಿ ಲೆಗ್ ಸ್ಪಿನ್ನರ್‌ಗಳು ಸಾಮಾನ್ಯವಾಗಿ ತುಳಿಯದ ದಾರಿ ಅದು. 76 ರನ್ ಗಳಿಸಿದ್ದ ಡೆಕ್ಸ್‌ಟರ್ ಔಟಾದರು. ನಾಯಕ ಪೀಟರ್ ಮೇ ಅವರನ್ನು ಚೆಂಡು ಕಾಲಿನ ಹಿಂದಿನಿಂದ ಸುತ್ತಿ ಬಂದು ಶೂನ್ಯಕ್ಕೇ ಬೌಲ್ಡ್ ಮಾಡಿತು. ಬೆನೋ 70 ರನ್‌ಗೆ 6 ವಿಕೆಟ್ ಪಡೆದರು, ಇಂಗ್ಲೆಂಡ್ 54 ರನ್‌ಗಳಿಂದ ಸೋತಿತು. ಬೇರೆಯವರು ಸ್ಕೋರ್ ಬೋರ್ಡ್ ನೋಡುತ್ತಿದ್ದಾಗ ಅವರು ನೆಲ ನೋಡುತ್ತಿದ್ದರು.

ಪ್ರಶ್ನೆ: ಆಟ ಬಿಟ್ಟ ಬೆನೋ ಅವರಿಗೆ ಮೈಕ್ ಸುಲಭವಾಗಿ ಸಿಕ್ಕಿತೇ?
– ಇನ್ನೊಬ್ಬ ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಇಲ್ಲ. 1956ರ ಇಂಗ್ಲೆಂಡ್ ಪ್ರವಾಸ ಮುಗಿದ ಮೇಲೆ, ಇನ್ನೂ ನಾಯಕರೂ ಆಗಿರದಿದ್ದಾಗಲೇ, ಅವರು ಅಲ್ಲಿಯೇ ಉಳಿದು ಬಿಬಿಸಿಯಲ್ಲಿ ತರಬೇತಿ ಪಡೆದಿದ್ದರು. ಪತ್ರಿಕಾ ವರದಿಗಾರಿಕೆಯನ್ನೂ ಕಲಿತರು. 1977ರಿಂದ ಆಸ್ಟ್ರೇಲಿಯಾದ ಟಿವಿ ವಾಹಿನಿ ಚಾನೆಲ್ ನೈನ್‌ನ ಮುಖ್ಯ ಧ್ವನಿಯಾದರು. ಪರದೆಯಲ್ಲಿ ಕಾಣುತ್ತಿರುವುದಕ್ಕೆ ಏನನ್ನಾದರೂ ಸೇರಿಸಲು ಸಾಧ್ಯವಿದ್ದರೆ ಮಾತ್ರ ಬಾಯಿ ತೆರೆಯಬೇಕೆಂಬುದು ಅವರ ನಿಯಮ. ಇಂದು ಟಿವಿಯ ಸದ್ದನ್ನು ತಗ್ಗಿಸಿಕೊಂಡು ಪಂದ್ಯ ನೋಡುವ ನನ್ನಂಥವರಿಗೆ ಅದರ ಬೆಲೆ ಗೊತ್ತು. 2005ರಲ್ಲಿ ಓವಲ್ ಮೈದಾನದಿಂದ ಇಂಗ್ಲೆಂಡ್‌ನ ಪ್ರೇಕ್ಷಕರಿಗೆ ಅವರು ವಿದಾಯ ಹೇಳುತ್ತಿದ್ದಾಗ ಮೆಗ್ರಾತ್ ಎಸೆತಕ್ಕೆ ಪೀಟರ್ಸನ್ ಬೌಲ್ಡ್ ಆದರು. ಬೆನೋ ತಮ್ಮ ವಿದಾಯದ ಮಾತನ್ನು ಅಲ್ಲಿಗೇ ತಡೆದು, ಆ ವಿಕೆಟ್‌ನ ವಿವರ ಹೇಳಿದರು.