ಕಥೆ ಬರೆದಿದ್ದೇನೆ, ವರದಿ ಎಲ್ಲಿ?

ಪ್ರಶ್ನೆ: ನಾನು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಕಾದಂಬರಿಯೊಂದನ್ನು ಓದಿ 300 ಪದಗಳ ವರದಿ ಬರೆಯಬೇಕಿತ್ತು. ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನೆಲ್ಲ ಬರೆದು, ‘ಈ ಪುಸ್ತಕ ನನಗೆ ತುಂಬಾ ಇಷ್ಟವಾಯಿತು’ ಎಂದು ಮುಗಿಸಿದ್ದೆ. ‘ಇದು ಬರೀ ಕಥಾಸಾರ, ವರದಿ ಎಲ್ಲಿ?’ ಎಂದು ಬರೆದು ಅಧ್ಯಾಪಕರು ಹಿಂತಿರುಗಿಸಿದ್ದಾರೆ. ಕಥೆಯನ್ನು ಬಿಟ್ಟರೆ ಬರೆಯುವುದಕ್ಕೆ ಏನು ಉಳಿಯುತ್ತದೆ? ಅಂತ್ಯವನ್ನು ಹೇಳಬಹುದೇ?

ಉತ್ತರ: ಕಥೆಯನ್ನು ಬಿಡಬೇಕಾಗಿಲ್ಲ, 300 ಪದಗಳಲ್ಲಿ ಅದಕ್ಕೆ 70-80 ಪದ ಕೊಟ್ಟರೆ ಸಾಕು. ಉಳಿದ ಜಾಗದಲ್ಲಿ ಏನಿರಬೇಕೆಂಬುದಕ್ಕೆ ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಪುಸ್ತಕವಾಗಿ ಬಂದ ತಮ್ಮ ಉಪನ್ಯಾಸಗಳಲ್ಲಿ ಕೊಟ್ಟ ಉದಾಹರಣೆಯೊಂದು ನೆರವಾಗುತ್ತದೆ. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಎಂದರೆ ಅದು ಕಥೆ. ರಾಜ ಸತ್ತ, ಆ ದುಃಖದಲ್ಲಿ ರಾಣಿಯೂ ಸತ್ತಳು ಎಂದರೆ ಅದು ಕಥಾಸಂವಿಧಾನ, ಅಂದರೆ ಕಾರಣದಿಂದ ಹೆಣೆದ ಕಥೆ. ಮೊದಲನೆಯದನ್ನು ಕೇಳಿದವರು ‘ಆಮೇಲೆ?’ ಎನ್ನುತ್ತಾರೆ, ಎರಡನೆಯದನ್ನು ಕೇಳಿದವರು ‘ಏಕೆ?’ ಎನ್ನುತ್ತಾರೆ. ನಿಮ್ಮ ಬರಹದಲ್ಲಿ ‘ಆಮೇಲೆ’ ಎಂಬ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ ನೋಡಿ. ಅಧ್ಯಾಪಕರ ತಕರಾರು ಏನೆಂದು ತಿಳಿದೀತು.

ಆದ್ದರಿಂದ ಕಾದಂಬರಿಗೆ ನೀವೇ ಒಂದು ‘ಏಕೆ’ ಕೇಳಿ. ಒಂದೇ ಸಾಕು. ತಂದೆಗೆ ಬಂದ ಪತ್ರವನ್ನು ಮಗ ವರ್ಷಗಟ್ಟಲೆ ಬಚ್ಚಿಟ್ಟನೆಂದುಕೊಳ್ಳಿ. ಹೆದರಿಕೆಯಿಂದಲೋ, ತಂದೆಯ ಮೇಲಿನ ಪ್ರೀತಿಯಿಂದಲೋ ಎಂಬುದನ್ನು ಕಾದಂಬರಿ ನೇರವಾಗಿ ಹೇಳದೆ, ಅವನು ಪತ್ರವಿಟ್ಟ ಪೆಟ್ಟಿಗೆಯ ಬಳಿ ಸುಳಿಯದಿರುವುದರಲ್ಲಿ, ಅಂಚೆಯವನನ್ನು ಕಂಡರೆ ಮಾತು ನಿಲ್ಲಿಸುವುದರಲ್ಲಿ ಸೂಚಿಸಿರಬಹುದು. ಅಂಥ ಎರಡು ಮೂರು ಸಂದರ್ಭಗಳನ್ನು ಹುಡುಕಿ, ಅಗತ್ಯವಿದ್ದಲ್ಲಿ ಒಂದೊಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಪುಟಸಂಖ್ಯೆಯೊಡನೆ ಕೊಟ್ಟು, ಅದರಿಂದ ನೀವು ಏನನ್ನು ಊಹಿಸಿದಿರಿ ಎಂಬುದನ್ನು ವಿವರಿಸಿದರೆ ವರದಿಯ ಮುಖ್ಯ ಭಾಗ ಸಿದ್ಧವಾಗುತ್ತದೆ. ಪುಟಸಂಖ್ಯೆಗಳನ್ನು ಓದುವಾಗಲೇ ಗುರುತು ಹಾಕಿಕೊಳ್ಳಿ. ಮುಗಿಸಿದ ಮೇಲೆ ಒಂದು ಸಾಲನ್ನು ಹುಡುಕುವುದು ಇಡೀ ಪುಸ್ತಕವನ್ನು ಮತ್ತೆ ಓದಿದಷ್ಟೇ ಕಷ್ಟ.

ಇಷ್ಟು ಬರೆಯುವಾಗ ಬಹಳ ಮಂದಿ ಎಡವುವ ಜಾಗವೊಂದಿದೆ. ‘ನಾನು’ ಎಂದು ಕಥೆ ಹೇಳುತ್ತಿರುವವನು ಲೇಖಕನಲ್ಲ, ನಿರೂಪಕ. ಅವನೂ ಒಂದು ಪಾತ್ರ. ಅವನು ಸುಳ್ಳು ಹೇಳಬಹುದು, ತನಗೆ ಬೇಕಾದುದನ್ನಷ್ಟೇ ಹೇಳಬಹುದು. ಆತನ ಅಭಿಪ್ರಾಯವನ್ನು ಲೇಖಕರ ತಲೆಗೆ ಕಟ್ಟುವ ಮೊದಲು, ಉಳಿದ ಪಾತ್ರಗಳ ಮಾತು ಅವನ ಮಾತಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ. ನನ್ನ ಮಟ್ಟಿಗೆ, ಈ ಒಂದು ಪ್ರಶ್ನೆಯ ಮೇಲೆಯೇ ಇಡೀ ವರದಿಯನ್ನು ಕಟ್ಟಬಹುದು.

ಅಂತ್ಯವನ್ನು ಧಾರಾಳವಾಗಿ ಹೇಳಿ. ಪತ್ರಿಕೆಯ ವಿಮರ್ಶೆಯ ಓದುಗರು ಪುಸ್ತಕವನ್ನು ಇನ್ನೂ ಓದಿರುವುದಿಲ್ಲವಾದ್ದರಿಂದ ಅಲ್ಲಿ ಅದನ್ನು ಮುಚ್ಚಿಡುತ್ತಾರೆ. ಶಾಲೆಯ ವರದಿಯಲ್ಲಿ ನಿಮ್ಮ ‘ಏಕೆ’ಗೆ ಉತ್ತರ ಕೊನೆಯ ಅಧ್ಯಾಯದಲ್ಲೇ ಇರಬಹುದು. ಪ್ರಕಟಣೆಯ ವರ್ಷ ಬರೆಯುವಾಗ ಮರುಮುದ್ರಣದ ವರ್ಷವನ್ನಲ್ಲ, ಮೊದಲ ಮುದ್ರಣದ ವರ್ಷವನ್ನು ನೋಡಿ.

‘ತುಂಬಾ ಇಷ್ಟವಾಯಿತು’ ಎಂಬ ವಾಕ್ಯವನ್ನು ಅಳಿಸಬೇಡಿ, ಯಾವ ಪುಟದಲ್ಲಿ ಇಷ್ಟವಾಯಿತು ಎಂಬುದನ್ನು ಅದಕ್ಕೆ ಸೇರಿಸಿ. ಬೇಸರ ತಂದ ಅಧ್ಯಾಯವಿದ್ದರೆ ಅದನ್ನೂ ಕಾರಣಸಹಿತ ಬರೆಯಿರಿ. ಅದಕ್ಕೆ ಅಂಕ ಕಳೆಯುವ ಅಧ್ಯಾಪಕರು ವಿರಳ.