ಫ್ಲಾಟ್ ಹ್ಯಾಂಡಲ್ ಇರುವ ಹೈಬ್ರಿಡ್ ಸೈಕಲ್‌ಗೆ ಡ್ರಾಪ್ ಹ್ಯಾಂಡಲ್ ಹಾಕಿಸಬಹುದೇ?

ಹಾಕಿಸಬಹುದು. ಡ್ರಾಪ್ ಅಂದರೆ ರೋಡ್ ಸೈಕಲ್‌ಗಳಲ್ಲಿರುವ, ಎರಡೂ ಬದಿ ಮುಂದಕ್ಕೆ ಹೋಗಿ ಕೆಳಗೆ ಬಾಗಿದ ಹ್ಯಾಂಡಲ್. ನಿಮ್ಮ ಸೈಕಲ್‌ಗೆ ವಿ-ಬ್ರೇಕ್ (ಎರಡು ತೋಳು ಎರಡೂ ಕಡೆಯಿಂದ ರಿಮ್ಮನ್ನು ಅದುಮುವ ಬ್ರೇಕ್) ಇದೆ, ಮುಂದೆ 3, ಹಿಂದೆ 8 ಗೇರ್ ಇದೆ, ಹೊಸ ರೋಡ್ ಸೈಕಲ್ ಕೊಳ್ಳದೆ ಇದರಲ್ಲೇ 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮಾಡಬೇಕು ಅಂತ ಬರೆದಿದ್ದೀರಿ. ನಾನು ಓಡಿಸುವುದೂ ಹೀಗೆ ಬದಲಾಯಿಸಿಕೊಂಡ ಹೈಬ್ರಿಡ್ಡೇ. ಹ್ಯಾಂಡಲ್ ಯಾವುದು ಅನ್ನೋದು ಆಮೇಲಿನ ಮಾತು. ಮೊದಲು ಬ್ರೇಕ್ ಲಿವರ್ ಯಾವುದು ಅಂತ ತೀರ್ಮಾನ ಮಾಡಿ.

ಈಗಿರುವ ಲಿವರ್, ಗೇರ್ ಬದಲಿಸುವ ಶಿಫ್ಟರ್‌ಗಳನ್ನೇ ಬಿಚ್ಚಿ ಹಾಕೋಣ ಅಂದರೆ ಆಗುವುದಿಲ್ಲ. ಲಿವರ್ ಕೂರುವ ಜಾಗದಲ್ಲಿ ಫ್ಲಾಟ್ ಹ್ಯಾಂಡಲ್‌ನ ದಪ್ಪ 22.2 ಮಿ.ಮೀ., ಡ್ರಾಪ್ ಹ್ಯಾಂಡಲ್‌ನದು 23.8. ಹಾಗಾಗಿ ಲಿವರ್ ಹೊಸದು ಬೇಕೇ ಬೇಕು. ಅಲ್ಲೇ ಎಚ್ಚರ ಬೇಕಾಗಿರುವುದು.

ವಿ-ಬ್ರೇಕ್‌ನ ತೋಳು ಉದ್ದ. ಪ್ಯಾಡ್ ರಿಮ್ಮಿಗೆ ತಾಗಬೇಕಾದರೆ ಕೇಬಲ್ ಜಾಸ್ತಿ ಎಳೆಯಬೇಕು. ರೋಡ್ ಸೈಕಲ್‌ನ ಮಾಮೂಲಿ ಲಿವರ್ ಅಷ್ಟು ಎಳೆಯುವುದಿಲ್ಲ. ಎರಡನ್ನೂ ಜೋಡಿಸಿದರೆ ಲಿವರ್ ಮೆತ್ತಗೆ ಒಳಗೆ ಬಂದು ಹ್ಯಾಂಡಲ್‌ಗೆ ತಾಗುತ್ತದೆ, ಪ್ಯಾಡ್ ಮಾತ್ರ ರಿಮ್ಮನ್ನು ಸರಿಯಾಗಿ ಹಿಡಿದಿರುವುದಿಲ್ಲ. ಕೆಲವರು ಪ್ಯಾಡನ್ನು ರಿಮ್ಮಿಗೆ ತೀರಾ ಹತ್ತಿರ ಕೂರಿಸಿ ಕೆಲಸ ಆಯ್ತು ಅನ್ನುತ್ತಾರೆ. ಚಕ್ರ ಒಂದು ಗುಂಡಿಗೆ ಬಿದ್ದು ಸ್ವಲ್ಪ ಸೊಟ್ಟಗಾದರೂ ಪ್ಯಾಡ್ ಉಜ್ಜೋಕೆ ಶುರುವಾಗುತ್ತದೆ. ಪ್ಯಾಡ್ ಸವೆದರೆ ಲಿವರ್ ಮತ್ತೆ ಹ್ಯಾಂಡಲ್ ಮುಟ್ಟುತ್ತದೆ. ನಮ್ಮ ರಸ್ತೆಗಳಲ್ಲಿ ದಯವಿಟ್ಟು ಈ ಸಾಹಸ ಬೇಡ.

ನೇರವಾದ ದಾರಿ ಟೆಕ್ಟ್ರೋ ಆರ್‌ಎಲ್520. ಡ್ರಾಪ್ ಹ್ಯಾಂಡಲ್‌ಗೆ ಕೂರುವ ಲಿವರೇ, ಆದರೆ ವಿ-ಬ್ರೇಕ್‌ಗೆ ಬೇಕಾದಷ್ಟು ಕೇಬಲ್ ಎಳೆಯುವ ಹಾಗೆ ಮಾಡಿದ್ದು. ನಿಮ್ಮ ಬ್ರೇಕ್ ಇದ್ದ ಹಾಗೇ ಇರುತ್ತದೆ. ಹಳೇ ಕೇಬಲ್ ಉದ್ದ ಸಾಲುವುದಿಲ್ಲ, ಹೊಸದು ತರುವಾಗ ರೋಡ್ ಸೈಕಲ್‌ದು ಅಂತ ಕೇಳಿ ತನ್ನಿ. ಎಂಟಿಬಿ, ಅಂದರೆ ಮೌಂಟೇನ್ ಬೈಕ್ ಕೇಬಲ್‌ನ ತುದಿಯ ಗುಂಡು ಬೇರೆ ಆಕಾರದ್ದು.

ಆರ್‌ಎಲ್520ರಲ್ಲಿ ಗೇರ್ ಇಲ್ಲ. ಅದಕ್ಕೆ ಬಾರ್-ಎಂಡ್ ಶಿಫ್ಟರ್ ಹಾಕಿ. ಹ್ಯಾಂಡಲ್‌ನ ಎರಡೂ ತುದಿಯ ತೂತಿನೊಳಗೆ ಕೂರುವ ಪುಟ್ಟ ಕಡ್ಡಿಗಳು ಅವು. ಶಿಮಾನೊ, ಮೈಕ್ರೋಶಿಫ್ಟ್ ಎರಡೂ ಕಂಪನಿ ಮಾಡಿವೆ. 8 ಗೇರಿನದನ್ನೇ ಕೊಳ್ಳಿ. ಶಿಮಾನೊ 7, 8, 9 ಗೇರಿನ ಕಾಲದಲ್ಲಿ ರೋಡ್ ಮತ್ತು ಎಂಟಿಬಿಯ ಹಿಂದಿನ ಡಿರೈಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಒಂದೇ ಲೆಕ್ಕದಲ್ಲಿ ಕೇಬಲ್ ಕೇಳುತ್ತವೆ, ಶಿಮಾನೊದ ರೇಸ್ ಮಾದರಿಯಾದ ಹಳೇ ಡ್ಯೂರಾ-ಏಸ್ ಒಂದು ಬಿಟ್ಟು. ಹಾಗಾಗಿ ನಿಮ್ಮ ಸೈಕಲ್‌ನಲ್ಲಿರುವ ಶಿಮಾನೊ ಆಲ್ಟಸ್ (ಎಂಟಿಬಿ ಮಾದರಿ) ಡಿರೈಲರ್ ಏನೂ ತಕರಾರು ಮಾಡುವುದಿಲ್ಲ. 10 ಗೇರಿನ ಎಂಟಿಬಿ ಆಗಿದ್ದರೆ ಕಥೆಯೇ ಬೇರೆ, ರೋಡ್ ಶಿಫ್ಟರ್‌ಗೆ ಅದು ಹೊಂದುವುದಿಲ್ಲ.

ಮುಂದಿನ ಡಿರೈಲರ್‌ಗೆ ಈ ಅನುಕೂಲ ಇಲ್ಲ. ರೋಡ್ ಶಿಫ್ಟರ್ ಎಳೆಯುವ ಕೇಬಲ್‌ಗೂ ಎಂಟಿಬಿ ಮುಂದಿನ ಡಿರೈಲರ್‌ಗೂ ತಾಳೆಯಾಗುವುದಿಲ್ಲ. ಬಾರ್-ಎಂಡ್‌ನ ಎಡಗಡೆ ಕಡ್ಡಿಗೆ ಟಿಕ್ ಟಿಕ್ ಅನ್ನುವ ಮೆಟ್ಟಿಲು ಇರುವುದಿಲ್ಲ, ಎಷ್ಟು ಬೇಕೋ ಅಷ್ಟು ಎಳೆದರಾಯಿತು. ಅದಕ್ಕೇ ಯಾವ ಡಿರೈಲರ್ ಆದರೂ ನಡೆಯುತ್ತದೆ. ಚೈನ್ ಉಜ್ಜುವ ಸದ್ದು ಬಂದರೆ ಹೆಬ್ಬೆರಳಲ್ಲಿ ಒಂದಿಷ್ಟು ತಳ್ಳಿ, ಸದ್ದು ನಿಲ್ಲುತ್ತದೆ. ಮುಂದಿನ ಸಣ್ಣ ಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೆ 32 ಹಲ್ಲು ಇದ್ದರೆ ಅದನ್ನು ಹಾಗೇ ಉಳಿಸಿಕೊಳ್ಳಿ. ನಂದಿ ಬೆಟ್ಟದ ತಿರುವುಗಳಲ್ಲಿ ರೋಡ್ ಸೈಕಲ್‌ನವರು ಎದ್ದು ನಿಂತು ತುಳಿಯುವಾಗ ನೀವು ಕೂತೇ ಹತ್ತಬಹುದು.

ಬ್ರೇಕ್, ಗೇರ್ ಒಂದೇ ಲಿವರ್‌ನಲ್ಲಿ ಬೇಕು ಅನ್ನುವವರಿಗೆ ಶಿಮಾನೊ ಕ್ಲಾರಿಸ್ ಇದೆ, ಅದೂ 8 ಗೇರು. ಆದರೆ ಅದು ಕಡಿಮೆ ಕೇಬಲ್ ಎಳೆಯುವ ಲಿವರ್. ವಿ-ಬ್ರೇಕ್ ತೆಗೆದು 80–90 ಮಿ.ಮೀ. ತೋಳಿನ ಮಿನಿ ವಿ-ಬ್ರೇಕ್ ಹಾಕಬೇಕು. ಆಗ ದಪ್ಪ ಟಯರ್‌ಗೂ ಮಡ್‌ಗಾರ್ಡ್‌ಗೂ ಜಾಗ ಇಕ್ಕಟ್ಟು. ಮುಂದಿನ ಡಿರೈಲರ್ ಕೂಡ ರೋಡ್‌ದು ಬೇಕು, ಇಲ್ಲವೇ ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಪಕ್ಕದ ಹಲ್ಲಿನ ಚಕ್ರ) ಇಟ್ಟುಕೊಳ್ಳಬೇಕು. ಒಂದಕ್ಕೆ ಕೈ ಹಾಕಿದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ನಿಮ್ಮ ಸೈಕಲ್‌ಗೆ ನಾನು ಹೇಳುವುದು ಬಾರ್-ಎಂಡೇ.

ಡಿಸ್ಕ್ ಬ್ರೇಕ್ ಇರುವವರು ಇದನ್ನು ಓದುತ್ತಿದ್ದರೆ: ಕೇಬಲ್ ಡಿಸ್ಕ್‌ನಲ್ಲೂ ಇದೇ ಎರಡು ಜಾತಿ. ಟಿಆರ್‌ಪಿ ಕಂಪನಿಯ ಬ್ರೇಕ್‌ಗಳಲ್ಲಿ ಸ್ಪೈರ್ ರೋಡ್ ಲಿವರ್‌ಗೆ, ಸ್ಪೈಕ್ ಎಂಟಿಬಿ ಲಿವರ್‌ಗೆ. ಆಯಿಲ್ ಬ್ರೇಕ್ ಇದ್ದರೆ ಲಿವರ್, ಬ್ರೇಕ್ ಎಲ್ಲ ಬದಲಾಯಿಸಬೇಕು. ಅಷ್ಟು ದುಡ್ಡಿಗೆ ಸೈಕಲ್ ಮಾರಿ ಒಳ್ಳೆ ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್ ಹುಡುಕುವುದೇ ಲೇಸು.

ಇನ್ನು ಮೈಗೆ ಹೊಂದುವ ವಿಷಯ. ಡ್ರಾಪ್ ಹ್ಯಾಂಡಲ್ ಹಾಕಿದರೆ ನಿಮ್ಮ ಕೈ ಈಗಿರುವುದಕ್ಕಿಂತ ಸುಮಾರು 10 ಸೆಂ.ಮೀ. ಮುಂದೆ ಹೋಗುತ್ತದೆ. ದುಡ್ಡು ಹಾಕುವ ಮೊದಲೇ ನೋಡಿಕೊಳ್ಳಿ. ಸೈಕಲ್ಲನ್ನು ಗೋಡೆಗೆ ಒರಗಿಸಿ ಸೀಟಿನ ಮೇಲೆ ಕೂತು, ಹ್ಯಾಂಡಲ್‌ಗಿಂತ ಒಂದು ಮುಷ್ಟಿ ಮುಂದೆ ಗಾಳಿಯಲ್ಲಿ ಕೈ ಚಾಚಿ. ಮೊಣಕೈ ಇನ್ನೂ ಸ್ವಲ್ಪ ಮಡಚಿದೆ ಅಲ್ವಾ? ಹಾಗಿದ್ದರೆ ಚಿಂತೆಯಿಲ್ಲ. ಕೈ ಪೂರ್ತಿ ನೆಟ್ಟಗಾಗಿ ಸೊಂಟ ಎಳೆಯುತ್ತಿದ್ದರೆ ಈಗಿನ ಸ್ಟೆಮ್ (ಹ್ಯಾಂಡಲ್ಲನ್ನು ಸೈಕಲ್‌ಗೆ ಹಿಡಿದಿಡುವ ತುಂಡು) ತೆಗೆದು 50–60 ಮಿ.ಮೀ. ಉದ್ದದ, ಮೇಲಕ್ಕೆ ಬಾಗಿದ ಸ್ಟೆಮ್ ಹಾಕಿ. ಆಗಲೂ ಎಟುಕದಿದ್ದರೆ ಆ ಫ್ರೇಮ್ ನಿಮಗೆ ಉದ್ದವಾಯಿತು, ಸುಮ್ನೆ ಖರ್ಚು ಮಾಡಬೇಡಿ. ಹ್ಯಾಂಡಲ್ ಬಾಗು ಹೆಚ್ಚು ಆಳವಿಲ್ಲದ ಕಾಂಪ್ಯಾಕ್ಟ್ ನಮೂನೆಯದೇ ಇರಲಿ, ಅಗಲ ನಿಮ್ಮ ಭುಜದಷ್ಟು. ನಡುವಿನ ದಪ್ಪ 31.8 ಇರಬಹುದು, 25.4 ಇರಬಹುದು, ಹಳೇ ರೋಡ್ ಹ್ಯಾಂಡಲ್ ಆದರೆ 26.0. ಸ್ಟೆಮ್‌ನ ಅಳತೆ ಅದಕ್ಕೆ ಸರಿಯಾಗಿರಬೇಕು. 25.4ರ ಸ್ಟೆಮ್‌ಗೆ 26.0 ತುರುಕಬೇಡಿ.

ಎಲ್ಲ ಕೂರಿಸಿದ ಮೇಲೆ ಬಾರ್ ಟೇಪ್ ಸುತ್ತಲು ಆತುರ ಬೇಡ. ಕೇಬಲ್‌ಗಳನ್ನು ಇನ್ಸುಲೇಷನ್ ಟೇಪಿನಿಂದ ಹ್ಯಾಂಡಲ್‌ಗೆ ಕಟ್ಟಿ ಒಂದು ವಾರ ಓಡಿಸಿ. ಅಂಗೈ ನೋಯುತ್ತದೆಯೇ, ಕೆಳಗಿನ ಬಾಗಿನಿಂದ ಬೆರಳು ಲಿವರ್‌ಗೆ ಎಟುಕುತ್ತದೆಯೇ ನೋಡಿ, ಲಿವರನ್ನು ಮೇಲೆ ಕೆಳಗೆ ಜರುಗಿಸಿ. ಹೊಸ ಕೇಬಲ್ ಅಷ್ಟರಲ್ಲಿ ಒಂದಿಷ್ಟು ಸಡಿಲವಾಗಿರುತ್ತದೆ, ಅದನ್ನೂ ಬಿಗಿ ಮಾಡಿ. ಆಮೇಲೆ ಟೇಪನ್ನು ಹ್ಯಾಂಡಲ್‌ನ ತುದಿಯಿಂದ ಶುರುಮಾಡಿ ಸ್ಟೆಮ್ ಕಡೆಗೆ ಸುತ್ತಿಕೊಂಡು ಬನ್ನಿ.